ಹದಿನಾಲ್ಕನೇ ಸುತ್ತಿನ ಲಕೋಟೆ

ಅಪ್ಪಾ,

ಮ್ಯಾಲೀ ಸೀಮೆಯ ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿಗೆ ನೂರು ವರ್ಷವಾಯಿತೆಂದು ಅದರ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕಾರ್ಯದರ್ಶಿಯ ಮಗನಲ್ಲವೇ! ಹಳೆಯ ಕಾಗದ ಹುಡುಕುತ್ತ ಇವತ್ತು, ನೀನು ತೀರಿಕೊಂಡ ಮೇಲೆ ಮೊದಲ ಸಲ, ನಿನ್ನ ಗಾಳದ ಪೆಟ್ಟಿಗೆ ತೆರೆದೆ. ತಳದಲ್ಲಿ ಒಂದು ಲಕೋಟೆ. ಪಂದ್ಯ ಮುಗಿದೊಡನೆ ಅಂಪೈರ್ ಮೂವರು ಉತ್ತಮ ಆಟಗಾರರಿಗೆ ಮತ ಬರೆದು, ಅಂಟಿಸಿ ನಿನ್ನ ಕೈಗೆ ಕೊಡುತ್ತಿದ್ದನಲ್ಲ, ಅಂಥದ್ದು. ೧೯೮೬, ಹದಿನಾಲ್ಕನೇ ಸುತ್ತು. ಅಂಟು ಬಿಚ್ಚಿಲ್ಲ.

ಎಲ್ಲ ಸುತ್ತುಗಳ ಮತ ಕೂಡಿಸಿ ಕೊಡುವ ಉತ್ತಮ ಆಟಗಾರನ ಪದಕ ಆ ವರ್ಷ ಒಂದೇ ಮತದಿಂದ ನನಗೆ ಬಂತು. ಆ ಸುತ್ತಿನ ಮತ ಕೊಡಲು ಅಂಪೈರ್ ಮರೆತನೆಂದು ಎಣಿಕೆಯ ದಿನ ಎಲ್ಲರೆದುರು ಹೇಳಿದವನು ನೀನು. ಹಾಗಾದರೆ ಇದು ಗಾಳದ ಕೊಕ್ಕೆಗಳ ಕೆಳಗೆ ತಾನಾಗಿ ನಡೆದು ಬಂತೇ?

ಮಧ್ಯಾಹ್ನ ಲೈಲ್ ಪ್ಯಾಸ್ಕೋ ಬಂದಿದ್ದ, ಆ ಒಂದು ಮತಕ್ಕೆ ಸೋತವನು. ಪುಸ್ತಕಕ್ಕೆ ಫೋಟೋ ಕೊಟ್ಟು, ಪೈ ತಿನ್ನುತ್ತ ನಕ್ಕ.

"ಆ ಹದಿನಾಲ್ಕನೇ ಸುತ್ತಲ್ಲಿ ನಿಮ್ಮ ತಂಡದ ಮೇಲೇ ಒಂಬತ್ತು ಗೋಲ್ ಹೊಡ್ದಿದ್ದೆ ಕಣೋ. ಎಂಥ ಮರೆಗುಳಿ ಅಂಪೈರು! ನಿಮ್ಮಪ್ಪ ಹೇಳಿದ್ರು ಅಂತ ನಂಬ್ದೆ. ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ."

ಲಕೋಟೆ ನನ್ನ ಜೇಬಿನಲ್ಲೇ ಇತ್ತು. "ಹೌದು ಕಣೋ, ಮರೆಗುಳಿನೇ" ಎಂದೆ.

ನೀನು ಒಡೆಯದೆ ಬಚ್ಚಿಟ್ಟೆ ಎಂದರೆ ಒಳಗಿನ ಹೆಸರುಗಳು ನಿನಗೂ ಗೊತ್ತಿರಲಿಲ್ಲ. ನನ್ನ ಆಟದ ಮೇಲೆ ನಿನಗೆ ಅಷ್ಟೂ ನಂಬಿಕೆ ಇರಲಿಲ್ಲವೇ? ಒಳಗೆ ನನ್ನ ಹೆಸರೇ ಇದ್ದರೆ?

ಲೈಲ್ ಹೋದ ಮೇಲೆ ಚಾಕು ತಂದೆ. ಒಡೆಯಲು ಕೈ ಬರಲಿಲ್ಲ. ಪುಸ್ತಕದಲ್ಲಿ "ಹದಿನಾಲ್ಕನೇ ಸುತ್ತು: ಮತ ಬಂದಿಲ್ಲ" ಎಂದು ಬರೆದೆ.

ಲಕೋಟೆ ನೀನು ಇಟ್ಟ ಜಾಗದಲ್ಲೇ ಇದೆ. ನಿನ್ನ ಪೆಟ್ಟಿಗೆಗೆ ಬೀಗವಿರಲಿಲ್ಲ. ಇವತ್ತು ನಾನು ಹಾಕಿದೆ.