ಒಬ್ಬರ ಮೇಲೆ ಬಿದ್ದರೆ

8 ಸೆಪ್ಟೆಂಬರ್ 1965, ಸಾಗರ

ಎರಡನೇ ಪೀರಿಯಡ್, ಫೈನಲ್ ಬಿ.ಎ. ಸಾಮೂಹಿಕ ಭದ್ರತೆ. ಬೋರ್ಡಿನ ಮೇಲೆ ಬರೆದೆ — ಒಂದು ದೇಶದ ಮೇಲಿನ ದಾಳಿ ಎಲ್ಲ ದೇಶಗಳ ಮೇಲಿನ ದಾಳಿ. ಬರೆದುಕೊಂಡರು. ಕಿವಿ ಮಾತ್ರ ಎದುರಿನ ಹೋಟೆಲಿನ ರೇಡಿಯೋ ಕಡೆ... ಲಾಹೋರ್ ಸುದ್ದಿ.

ಇಥಿಯೋಪಿಯಾದ ಕಥೆ ಹೇಳಿದೆ. ಇಟಲಿ ನುಗ್ಗಿತು. ಐವತ್ತು ದೇಶಗಳು ಸೇರಿ ಇಟಲಿಯೊಡನೆ ವ್ಯಾಪಾರ ನಿಲ್ಲಿಸಿದವು — ಎಣ್ಣೆಯೊಂದನ್ನು ಬಿಟ್ಟು. ಟ್ಯಾಂಕು ಓಡುವುದೇ ಎಣ್ಣೆಯಿಂದ! ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಗದರಿದೆ, ಬೇಕಾದ್ದಕ್ಕಿಂತ ಜೋರಾಗಿ. ಮೂವತ್ತು ವರ್ಷದ ಹಿಂದಿನ ಮೋಸಕ್ಕೆ ಈಗ ಮೈ ಉರಿಯುತ್ತದೆ. ಇದೇ ವಿಷಯದ ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ಮುಗಿಯದಿರುವುದಕ್ಕೂ ಅದೇ ಕಾರಣವೇನೋ.

ಹಿಸ್ಟರಿಯ ಮಾರಪ್ಪ ಇವತ್ತು ರಜೆ. ಅವರ ಊರು ಲಿಂಗನಮಕ್ಕಿ ಹಿನ್ನೀರಿನಡಿ ಹೋಯಿತು. ಊರಿನವರ ಜೊತೆ ಪರಿಹಾರದ ಆಫೀಸಿನ ಮುಂದೆ ಕೂತಿದ್ದಾರಂತೆ.

10 ಸೆಪ್ಟೆಂಬರ್

ಮಾರಪ್ಪ ಸಸ್ಪೆಂಡ್. ಯುದ್ಧದ ಕಾಲದಲ್ಲಿ ಸರ್ಕಾರದ ವಿರುದ್ಧ ಜನ ಸೇರಿಸಿದರು ಎಂಬ ಆರೋಪ. ದೇಶದ್ರೋಹವಂತೆ. ಊರು ಮುಳುಗಿಸಿಕೊಂಡವರು ದ್ರೋಹಿಗಳು!

ಜುಲೈನಲ್ಲಿ ಗಣಿತದವರನ್ನು ಬಾಯಿಮಾತಿನಲ್ಲೇ ಮನೆಗೆ ಕಳಿಸಿದ್ದರು. ಅವತ್ತೇ ಕನ್ನಡದ ಪುಷ್ಪಮ್ಮನವರ ಮನೆಯಲ್ಲಿ ಮಾರಪ್ಪನವರೂ ಸೇರಿ ನಾವು ನಾಲ್ವರು ಮಾತು ಮಾಡಿಕೊಂಡಿದ್ದೆವು. ಇನ್ನು ಒಬ್ಬರ ಮೇಲೆ ಬಿದ್ದರೆ ಎಲ್ಲರೂ ಕ್ಲಾಸು ಬಿಡುವುದು. ಮೊದಲು ಹೇಳಿದ್ದು ಎಕನಾಮಿಕ್ಸಿನ ಗೋಪಾಲಪ್ಪ. ಮೇಜು ಕುಟ್ಟಿ ಹೇಳಿದ್ದರು. ನಾಳೆ ಅಲ್ಲೇ ಸೇರುತ್ತೇವೆ.

11 ಸೆಪ್ಟೆಂಬರ್

ಗೋಪಾಲಪ್ಪ — “ಯುದ್ಧ ಮುಗೀಲಿ ಮೇಡಂ. ಈಗ ಬಾಯಿ ಬಿಟ್ರೆ ಒಳಗೆ ಹಾಕ್ತಾರೆ.”

ಪುಷ್ಪಮ್ಮ — “ನಮ್ಮನೆಯವ್ರದ್ದು ಸರ್ಕಾರಿ ನೌಕರಿ ಕಣ್ರೀ. ಎಲ್ಲಿಗಾದ್ರೂ ಎತ್ತಿ ಹಾಕಿದ್ರೆ? ಬೇಕಿದ್ರೆ ಎಲ್ಲ ಸೇರಿ ಮಾರಪ್ಪನೋರ ಮನೆಗೆ ಅಕ್ಕಿ ಕಳ್ಸಾಣ.”

“ಎಣ್ಣೆಯೊಂದನ್ನು ಬಿಟ್ಟು,” ಎಂದೆ.

“ಏನ್ ಎಣ್ಣೆ?” ಎಂದರು ಪುಷ್ಪಮ್ಮ.

ಕಾಫಿ ಮುಟ್ಟದೆ ಎದ್ದು ಬಂದೆ.

13 ಸೆಪ್ಟೆಂಬರ್

ಕ್ಲಾಸಿಗೆ ಹೋಗಲಿಲ್ಲ. ವರಾಂಡದಲ್ಲಿ ನಿಂತೆ. ಒಬ್ಬಳೇ. ಗೋಪಾಲಪ್ಪ ತಲೆ ತಗ್ಗಿಸಿ ಹಾದುಹೋದರು, ಕೈಯಲ್ಲಿ ಹಾಜರಿ ಪುಸ್ತಕ. ಹುಡುಗಿಯರು ಬಂದು “ಮೇಡಂ, ಹುಷಾರಿಲ್ವಾ?” ಎಂದು ಕೇಳಿದರು.

ಮಧ್ಯಾಹ್ನ ಕಾಲೇಜು ಕಮಿಟಿಯ ಸೆಕ್ರೆಟರಿ ಮುಕುಂದಯ್ಯ ತನ್ನ ಅಡಿಕೆ ಮಂಡಿಗೆ ಕರೆಸಿದ. (‘ಕರೆಸಿದರು’ ಎಂದು ಬರೆಯಲಾರೆ.)

“ಬನ್ನಿ ಅಮ್ಮ, ಕೂತ್ಕೊಳಿ. ನಿಮ್ಮ ಪಿಎಚ್.ಡಿ. ಎಲ್ಲಿಗೆ ಬಂತು?”

“ನಡೀತಾ ಇದೆ.”

“ಎರಡು ವರ್ಷ ರಜೆ ಕೊಡ್ತೀವಿ. ಸಂಬಳ ಸಮೇತ. ಮೈಸೂರಲ್ಲಿ ಕೂತು ಮುಗಿಸ್ಕೊಂಡ್ ಬನ್ನಿ. ಕಾಲೇಜಿಗೂ ಹೆಸ್ರು. ಒಂದೇ ಮಾತು — ಮಾರಪ್ಪ ಕ್ಲಾಸಲ್ಲೂ ಹುಡುಗರನ್ನ ಎತ್ತಿಕಟ್ತಿದ್ರು ಅಂತ ಕಮಿಟಿ ಮುಂದೆ ಹೇಳ್ಬಿಡಿ.”

“ನಾನು ಕೇಳಿಲ್ಲ.”

“ಕೇಳಿದೀನಿ ಅಂದ್ರಾಯ್ತಪ್ಪ. ಯಾರು ಬಂದು ನೋಡ್ತಾರೆ?”

ಎದ್ದು ಬರಬೇಕಿತ್ತು. ಕೂತೇ ಇದ್ದೆ. ಮೈಸೂರು... ಭದ್ರತಾ ಮಂಡಳಿಯ ನಡಾವಳಿಗಳೆಲ್ಲ ಅಲ್ಲಿನ ಲೈಬ್ರರಿಯ ಕಪಾಟಿನಲ್ಲಿ ಸಾಲಾಗಿವೆ. ಇಲ್ಲಿ ಟಪಾಲಿನಲ್ಲಿ ಹರಿದು ಬರುವ ಹಳೇ ಬುಲೆಟಿನ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅವನಿಗೆ ಗೊತ್ತು ನನಗೇನು ಬೇಕು ಎಂದು. ಅದಕ್ಕೇ ಹೆಚ್ಚು ಸಿಟ್ಟು.

17 ಸೆಪ್ಟೆಂಬರ್

ಕಮಿಟಿ. ಏಳು ಜನ ಗಂಡಸರು, ಒಂದು ತಟ್ಟೆ ಬಾಳೆಹಣ್ಣು. ನನಗೆ ಕುರ್ಚಿ ಇಲ್ಲ.

ಹೇಳಿದೆ — “ಮಾರಪ್ಪನವರು ಕ್ಲಾಸಿನಲ್ಲಿ ಪಾಠ ಬಿಟ್ಟು ಬೇರೇನೂ ಹೇಳಿಲ್ಲ. ಊರಿನವರ ಜೊತೆ ಕೂತರು, ನಿಜ. ಅದು ತಪ್ಪಾದರೆ ಅವರ ಊರು ಮುಳುಗಿಸಿದ ನೀರಿನ ಕರೆಂಟಿನಿಂದ ಉರಿಯೋ ಈ ದೀಪವೂ ತಪ್ಪು. ಮೊದಲು ಇದನ್ನ ಆರಿಸಿ.” ಹಾಡುಹಗಲು, ಬಲ್ಬು ಸುಮ್ಮನೆ ಉರಿಯುತ್ತಿತ್ತು.

ಯಾರೋ ನಿಜವಾಗಿಯೂ ಮೇಲೆ ನೋಡಿದರು.

ಮುಕುಂದಯ್ಯ ನಕ್ಕ. “ನಿಮ್ದು ಟೆಂಪರರಿ ಪೋಸ್ಟಲ್ವಾ ಅಮ್ಮ?”

ಅಷ್ಟೇ. ಮುಗಿಯಿತು.

23 ಸೆಪ್ಟೆಂಬರ್, ತೀರ್ಥಹಳ್ಳಿ

ತಮ್ಮ ಪದ್ಮಪ್ರಸಾದನ ಮನೆ. ಪುಸ್ತಕದ ಟ್ರಂಕು ಇನ್ನೂ ಬಿಚ್ಚಿಲ್ಲ. ರೇಡಿಯೋದಲ್ಲಿ ಕದನವಿರಾಮ. ಭದ್ರತಾ ಮಂಡಳಿಯ ಮಾತಿಗೆ ಎರಡೂ ಕಡೆಯವರು ಒಪ್ಪಿದರಂತೆ. ಬೀದಿಯಲ್ಲಿ ಪಟಾಕಿ.

“ನಿನ್ನ ಮಂಡಳಿ ಗೆದ್ದಿತಲ್ಲ ಅಕ್ಕಾ,” ಎಂದ ತಮ್ಮ. ಖುಷಿ ಪಡಿಸಲೆಂದೇ ಹೇಳಿದ್ದು. ರೇಗಿದೆ. ದೊಡ್ಡವರಿಗೆಲ್ಲ ಬೇಕೆನಿಸಿದಾಗ ಮಾತ್ರ ಆ ಮಂಡಳಿಗೆ ಕೈಕಾಲು ಬರುತ್ತದೆ. ಅವನು ಊಟ ಬಿಟ್ಟು ಎದ್ದ. ಪಾಪ.

4 ಅಕ್ಟೋಬರ್

ಸಾಗರದಿಂದ ಬಂದವರು ಹೇಳಿದರು. ಮಾರಪ್ಪ ಕ್ಷಮೆ ಬರೆದುಕೊಟ್ಟರಂತೆ. ‘ತಪ್ಪುದಾರಿಗೆ ಹೋದೆ, ಇನ್ನು ಹೋಗುವುದಿಲ್ಲ.’ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ.

ನನ್ನ ಕ್ಲಾಸನ್ನೂ ಅವರಿಗೇ ವಹಿಸಿದ್ದಾರಂತೆ.

5 ಅಕ್ಟೋಬರ್

ಬರೆಯಲಾರೆ.

9 ನವೆಂಬರ್

ಒಂದು ತಿಂಗಳಿಂದ ಈ ಪುಸ್ತಕ ಮುಟ್ಟಿಲ್ಲ. ಇವತ್ತು ಬರೆಯಲೇಬೇಕು.

ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮುದುಕಿ. ಮಾರಪ್ಪನ ತಾಯಿ, ಕನ್ನಮ್ಮ. ಸಾಗರದಿಂದ ಹೊಸನಗರದ ಮೇಲೆ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಕೂರಲಿಲ್ಲ.

“ಅವ್ನ ಮ್ಯಾಲೆ ಸಿಟ್ ಮಾಡ್ಬ್ಯಾಡಿ ಅಮ್ಮಾ. ಬರಿಯಲ್ಲ ಅಂತಲೇ ಕೂತಿದ್ದ. ಬರೆಸಿದ್ದು ನಾನು.”

“ಯಾಕೆ? ನಾನು ಕೆಲಸ ಕಳಕೊಂಡಿದ್ದು ಯಾರಿಗೋಸ್ಕರ?”

“ನಾನೇನು ಕಳ್ಕಳಿ ಅಂದಿದ್ನಾ ನಿಮ್ಗೆ?” ಅವರೂ ಸ್ವರ ಏರಿಸಿದರು. “ಮನೆ ಹೋತು, ಗದ್ದೆ ಹೋತು. ಅವ್ರು ಕೊಟ್ಟ ಜಾಗ್ದಲ್ಲಿ ಬರೀ ಜಂಬಿಟ್ಟಿಗೆ ಕಲ್ಲು, ಹುಲ್ಲೂ ಬೆಳೆಯಂಗಿಲ್ಲ. ಸೊಸೆ ಬಸುರಿ. ಮಗ ಮರ್ಯಾದಿ ಹಿಡ್ಕಂಡ್ ಕೂತ್ರೆ ನಾವೇನ್ ತಿನ್ನದು? ಬೈಯದಾದ್ರೆ ನಂಗೆ ಬೈರಿ. ಅದಕ್ಕೇ ಬಂದೆ.”

ಬೈಯಲು ಬಾಯಿ ತೆರೆದೆ. ಬೈದೆನೋ ಅತ್ತೆನೋ — ಎರಡೂ ಆಯಿತು. ಆಮೇಲೆ ಅವರು ಎಲೆಯಡಿಕೆಯ ಕವಳದ ಚೀಲ ಬಿಚ್ಚಿ, ಜಗಲಿ ಕಂಬಕ್ಕೆ ಒರಗಿ ಕೂತರು. ಅನ್ನ ಬಡಿಸಿದೆ. ಉಣ್ಣುತ್ತಾ ಹೇಳಿದರು —

“ಪರಿಹಾರದ ಆಪೀಸಿಗೆ ಈಗ ಅವ್ನು ಬರಂಗಿಲ್ಲ. ನಾವು ಹೋದ್ರೆ ಇಂಗ್ಲೀಷಲ್ಲಿ ಏನೋ ಅಂದು ಓಡಿಸ್ತಾರೆ.”

ಕೇಳಲಿಲ್ಲ, ಬೇಡಲಿಲ್ಲ. ಹೇಳಿದರು ಅಷ್ಟೆ.

ರಾತ್ರಿ ಇಲ್ಲೇ ಉಳಿಯಿರಿ ಎಂದೆ. ಉಳಿದಿದ್ದಾರೆ.

10 ನವೆಂಬರ್, ಬೆಳಿಗ್ಗೆ

ಮೂರನೇ ಅಧ್ಯಾಯ ತೆಗೆದು ಓದಿದೆ. ಐವತ್ತು ದೇಶಗಳು ಯಾಕೆ ಕೈಬಿಟ್ಟವು ಎಂದು ಪುಟಗಟ್ಟಲೆ ಬರೆದಿದ್ದೇನೆ. ಕೈಬಿಡಿಸಿಕೊಂಡವರು ಮಾರನೇ ದಿನ ಏನು ಉಂಡರು, ಯಾರಿಗೆ ತಲೆಬಾಗಿದರು — ಒಂದು ಸಾಲೂ ಇಲ್ಲ. ಎಂಥಾ ವಿದ್ಯೆ ನನ್ನದು! ಇಡೀ ಅಧ್ಯಾಯಕ್ಕೆ ಅಡ್ಡಗೆರೆ ಎಳೆದೆ.

ಸಿಟ್ಟು ಇಳಿದಿಲ್ಲ. ಮಾರಪ್ಪನ ಮೇಲಿನದು ಮಾತ್ರ ಇಳಿದಿದೆ. ಮಿಕ್ಕಿದ್ದಷ್ಟನ್ನೂ ಸಾಗರದ ಆ ಆಫೀಸಿಗೆ ಒಯ್ಯುತ್ತೇನೆ. ಇಂಗ್ಲಿಷಿನಲ್ಲಿ ಓಡಿಸುತ್ತಾರಂತೆ. ಓಡಿಸಲಿ ನೋಡೋಣ. ದಾರಿಯಲ್ಲಿ ಮುಕುಂದಯ್ಯ ಸಿಕ್ಕರೆ ಸಿಗಲಿ.

ತಮ್ಮ ಕೇಳಿದ — “ಇದೂ ನಿನ್ನ ಕೆಲಸವೇನೇ ಅಕ್ಕಾ?” ಹೌದು ಎಂದೆ.

ಕನ್ನಮ್ಮ ಆಗಲೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತು ಕೂಗುತ್ತಿದ್ದಾರೆ. ಬಸ್ಸು ಬಂತಂತೆ. ಅಲ್ಲಿ ಹೋಗಿ ಮೊದಲು ಕೇಳಬೇಕಾದ್ದು —