ಬಿಸಿಲಿಗೆ ಹಾಕಿದ ಕಂಬಳಿ

ಔರೆಸ್ ಬೆಟ್ಟ
ಬುಧವಾರ, ೧೯೫೭

ಅವ್ವಾ,

ಎಣ್ಣೆ ಮಾರುವ ಜೊಹ್ರಾ ಚಿಕ್ಕಮ್ಮ ಇದನ್ನು ತೊರೆಯ ಹತ್ತಿರ ನಿನಗೆ ಓದಿ ಹೇಳಿ ಅಲ್ಲೇ ಸುಡುತ್ತಾಳೆ. ಇವತ್ತು ನೀನು ನೀರಿಗೆ ಬರಲಿಲ್ಲ. ನಾಳೆ ಬರುತ್ತೀಯೆಂದು ನಂಬಿ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಫ್ರೆಂಚರ ನಾಲ್ಕು ಲಾರಿ ನಮ್ಮೂರಿಗೆ ಹತ್ತಿದವು. ನಾವು ಅಡಗಿರುವ ಗುಡ್ಡದ ಮೇಲಿಂದ ಎಣಿಸಿದೆ, ನಲವತ್ತು ಮಂದಿ ಸಿಪಾಯಿಗಳು. ಮಧ್ಯಾಹ್ನ ಇಳಿದು ಹೋದವರು ಮೂವತ್ತೆರಡೇ. ಆಮೇಲೆ ನಮ್ಮ ಮಾಳಿಗೆಯ ಮೇಲೆ ಕಂಬಳಿ ಕಾಣಿಸಿತು. ಊರಲ್ಲಿ ಸಿಪಾಯಿಗಳಿಲ್ಲ, ಊಟಕ್ಕೆ ಬನ್ನಿ ಎನ್ನುವ ನಮ್ಮ ಗುರುತು ಅದು.

"ಏಳೋ ಬೆಲ್ಖಾಸಮ್, ನಿಮ್ಮವ್ವ ಕರೀತಿದಾಳೆ. ಹಸಿದ ಹೊಟ್ಟೇಲಿ ಎಣಿಸಿದೀಯ, ತಪ್ಪಿರುತ್ತೆ" ಎಂದ ಜೊತೆಗಾರ ಲಖ್ದರ್.

"ಕೂತ್ಕೋ. ಬಣ್ಣದ ಮಗ್ಗುಲು ಬಿಸಿಲಿಗಿದೆ ನೋಡು. ಬಣ್ಣ ಮಾಸುತ್ತೆ ಅಂತ ನಮ್ಮೂರಲ್ಲಿ ಯಾವ ಹೆಂಗಸೂ ಹಂಗೆ ಹಾಕಲ್ಲ" ಎಂದೆ.

ಚಿಕ್ಕವನಿದ್ದಾಗ ಹಾಗೆ ಹಾಕಿ ನಿನ್ನಿಂದ ಏಟು ತಿಂದಿದ್ದೇನೆ. ಇದನ್ನು ಸಿಪಾಯಿಗಳೇ ಹಾಕಿದ್ದರೆ, ಕಂಬಳಿ ನೇಯ್ದವಳ ಕಷ್ಟ ಅವರಿಗೇನು ಗೊತ್ತು. ಬಂದೂಕಿನ ಮುಂದೆ ನಿಂತು ನೀನೇ ಬೇಕೆಂದು ಹಾಗೆ ಹಾಕಿದ್ದರೆ, ನನಗೆ ಅರ್ಥವಾಯಿತು. ನಾವು ಇಳಿಯಲಿಲ್ಲ.

ಆ ಎಂಟು ಮಂದಿ ನಮ್ಮ ಕೊಟ್ಟಿಗೆಯಲ್ಲಿದ್ದಾರೆ. ಆಡುಗಳು ಎರಡು ದಿನದಿಂದ ಕೊಟ್ಟಿಗೆಗೆ ಹೋಗದೆ ಅಂಗಳದಲ್ಲೇ ಇರುವುದು ಇಲ್ಲಿಂದ ಕಾಣುತ್ತದೆ. ಶುಕ್ರವಾರ ನಸುಕಿಗೇ ಅವನ್ನು ಮೇಯಿಸುವ ನೆವದಿಂದ ಹೊಡೆದುಕೊಂಡು ಸೋದರತ್ತೆಯ ಮನೆ ಸೇರು. ಹಿಂದೆ ತಿರುಗಿ ನೋಡಬೇಡ, ನೀನು ಹೊರಟ ಮೇಲೆ ನಾವು ಇಳಿಯುತ್ತೇವೆ. ಗಂಟು ಕಟ್ಟಬೇಡ, ಮಗ್ಗವನ್ನು ಮುಟ್ಟಬೇಡ.

ಕಂಬಳಿ ಅಲ್ಲೇ ಇರಲಿ. ಬಣ್ಣ ಮಾಸಿದರೆ ಮಾಸಲಿ. ಅದನ್ನು ನಾನೇ ಒಳಗೆ ತರುತ್ತೇನೆ.

ನಿನ್ನ ಮಗ
ಬೆಲ್ಖಾಸಮ್