ಖಾಲಿ ನಿಲ್ಲಬೇಕಾದ ಅಣೆಕಟ್ಟು

ಜೂನ್ 19, ಗುರುವಾರ, ರಾತ್ರಿ

ನಮ್ಮ ಪುರಸಭೆಯ ಅಧ್ಯಕ್ಷರಿಗೆ ಖಾಲಿ ಅಣೆಕಟ್ಟು ಕಂಡರೆ ನಾಚಿಕೆಯಂತೆ. ಖಾಲಿ ತಲೆ ಹೊತ್ತು ತಿರುಗುವಾಗ ಈ ಸಂಕೋಚ ಕಂಡಿರಲಿಲ್ಲ.

ಹಳ್ಳಕ್ಕೆ ಅಡ್ಡ ಕಟ್ಟಿದ ಆ ಪುಟ್ಟ ಕಾಂಕ್ರೀಟ್ ಗೋಡೆಯ ಉದ್ಯೋಗವೇ ಖಾಲಿ ನಿಲ್ಲುವುದು. ದಿನದ ನೀರು ಬುಡದ ತೂಬಿನಲ್ಲಿ ಹರಿದುಹೋಗಬೇಕು. ನೆರೆ ಬಂದ ದಿನ ಮಾತ್ರ ಗೋಡೆ ಅದನ್ನು ಹಿಡಿದು ಮೆಲ್ಲಗೆ ಬಿಡಬೇಕು. ಇಂಜಿನಿಯರ್ ಇದನ್ನು ಮೂರು ಸಲ ಹೇಳಿದರು. ಅಧ್ಯಕ್ಷರು ಮೂರು ಸಲವೂ ತಲೆಯಾಡಿಸಿ, "ಅದೆಲ್ಲ ಸರಿ ಸ್ವಾಮಿ, ಉದ್ಘಾಟನೆ ಫೋಟೋದಲ್ಲಿ ನೀರು ಕಾಣ್ಬೇಕಲ್ಲ" ಎಂದರು. ಸೋಮವಾರ ತೂಬಿಗೆ ಮರಳಿನ ಮೂಟೆ ತುರುಕಿಸಿದರು. ಈಗ ಅಂಚಿನವರೆಗೂ ನೀರು. ನಾಡಿದ್ದು ಭಾರೀ ಮಳೆಯೆಂದು ಸುದ್ದಿ. ಬಂದರೆ ಹಿಡಿಯಲು ಜಾಗವೇ ಇಲ್ಲ.

ಗೋಡೆಯ ಕೆಳಗಿನ ಮೊದಲ ಮನೆ ಅಕ್ಕನದು. ಸಂಜೆ ಹೋದಾಗ ಹೊಲಿಗೆ ಯಂತ್ರವನ್ನು ಮಂಚದ ಮೇಲೆ ಏರಿಸುತ್ತಿದ್ದಳು. ಈ ವಾರದ ಅಂಕಣದಲ್ಲಿ ಅಧ್ಯಕ್ಷರನ್ನು ಜಾಲಾಡಿಬಿಡುತ್ತೇನೆ ಎಂದೆ.

"ಬೇಡ ಕಣೋ. ನೀನು ಬರೆದ್ರೆ ಊರೆಲ್ಲ ನಗುತ್ತೆ, ಅವನೂ ನಗ್ತಾನೆ, ಮೂಟೆ ಅಲ್ಲೇ ಇರುತ್ತೆ. ನೆಟ್ಟಗೆ ಒಂದು ಅರ್ಜಿ ಬರೆದುಕೊಡು. ಬೆಳಿಗ್ಗೆ ಬೀದಿಯವರೆಲ್ಲ ಹೋಗಿ ಕೊಡ್ತೀವಿ. ತಮಾಷೆ ಮಾತ್ರ ಬೇಡಪ್ಪ."

ಊಟವಾದಾಗಿನಿಂದ ಅರ್ಜಿಯೇ. ಮೊದಲ ಹಾಳೆಯಲ್ಲಿ "ತಮ್ಮ ದೂರದೃಷ್ಟಿ" ಎಂದು ಬಂತು, ಹರಿದೆ. ಎರಡನೆಯದರಲ್ಲಿ "ಫೋಟೋಪ್ರಿಯರಾದ ತಾವು", ಅದನ್ನೂ ಹರಿದೆ. ಮೂರನೆಯದರಲ್ಲಿ "ದಯವಿಟ್ಟು ಮೂಟೆ ತೆಗೆಸಿ, ಕೆಳಗೆ ಹದಿನಾಲ್ಕು ಮನೆಗಳಿವೆ" ಎಂದಷ್ಟೇ ಬರೆದೆ. ಕೊನೆಗೆ "ತಮ್ಮ ವಿಧೇಯ" ಎಂದು ರುಜು ಹಾಕಿದೆ.

ಇಡೀ ಅರ್ಜಿಯಲ್ಲಿ ಅದೊಂದೇ ತಮಾಷೆ. ಅಧ್ಯಕ್ಷರಿಗೆ ಅರ್ಥವಾದೀತೆಂಬ ಭಯವಿಲ್ಲ.